ಎರಡು ಕಿಟ್ಲಿ ಚಹಾ

(ಧಾರವಾಡದಲ್ಲಿ ಮುಖ್ಯ ಶಿಕ್ಷಕರ ಮುಂದೆ ಆಡಿದ ಮಾತು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಅವತ್ತು ಹೇಳಲು ಬಿಟ್ಟುಹೋದ ಒಂದೆರಡು ವಿಷಯವನ್ನೂ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯವರು ಇಲ್ಲಿದ್ದೀರಿ. ಪ್ರಾಥಮಿಕ ಶಾಲೆಯವರಿದ್ದೀರಿ, ಹೈಸ್ಕೂಲಿನವರಿದ್ದೀರಿ. ಶಿಕ್ಷಕರ ನಡುವಿನ ಮನಸ್ತಾಪವನ್ನು ಮುಖ್ಯ ಶಿಕ್ಷಕರು ಹೇಗೆ ನಿಭಾಯಿಸಬೇಕು ಅನ್ನೋದು ನನಗೆ ಕೊಟ್ಟ ವಿಷಯ. ನಾನು ಒಬ್ಬ ಹುಡುಗಿಯಿಂದ ಶುರು ಮಾಡುತ್ತೇನೆ.

ಗದಗ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿಗೆ ನಾನು ಮುಖ್ಯ ಶಿಕ್ಷಕಿಯಾಗಿ ಹೋಗಿ ಎರಡನೇ ವಾರ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಪಡಸಾಲೆಯಲ್ಲಿ ನಿಂತಿದ್ದಳು. ಒಂದು ಕಡೆ ಸ್ಟಾಫ್ ರೂಮಿನ ಬಾಗಿಲು, ಇನ್ನೊಂದು ಕಡೆ ಲ್ಯಾಬಿನ ಬಾಗಿಲು. ಒಮ್ಮೆ ಇತ್ತ ನೋಡ್ತಾಳೆ, ಒಮ್ಮೆ ಅತ್ತ ನೋಡ್ತಾಳೆ. "ಯಾಕವ್ವಾ, ಹಂಗ ನಿಂತೀ?" ಅಂದೆ. "ಗಣಿತದ ಸರ್ ಸಹಿ ಬೇಕಾಗಿತ್ರಿ. ಅವರು ಲ್ಯಾಬಿನ್ಯಾಗ ಅದಾರ್ರಿ. ಕನ್ನಡ ಮೇಡಂ ಅಲ್ಲಿಗೆ ಹೋಗಬ್ಯಾಡ ಅಂದಾರ್ರಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ತಾನೇ ಏನೋ ತಪ್ಪು ಮಾಡಿದ್ದೇನೆ ಅಂತ ಅವಳಿಗೆ ಅನಿಸಿತ್ತು.

ಅವತ್ತು ಹನ್ನೊಂದೂವರೆಗೆ ಸಿಪಾಯಿ ಹೋಟೆಲಿನಿಂದ ಚಹಾ ತಂದ. ಕೈಯಲ್ಲಿ ಎರಡು ಕಿಟ್ಲಿ. ಒಂದು ಸ್ಟಾಫ್ ರೂಮಿಗೆ ಹೋಯಿತು, ಒಂದು ಲ್ಯಾಬಿಗೆ. ಕೇಳಿದಾಗ ಗೊತ್ತಾಯಿತು, ಚಹಾದ ರೊಕ್ಕವೂ ಎರಡು ಕಡೆ ಕೂಡುತ್ತದೆ. ಇದ್ದವರು ಎಂಟು ಜನ. ಐದು ಮಂದಿ ಆ ಕಡೆ, ಮೂರು ಮಂದಿ ಈ ಕಡೆ. ಗಣಿತದ ಸರ್ ಮತ್ತು ಕನ್ನಡ ಮೇಡಂ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಆ ಕೂಸು ಪಡಸಾಲೆಯಲ್ಲಿ ನಿಂತಿತ್ತು.

ನಾನು ಮೊದಲು ಮಾಡಿದ್ದು ತಪ್ಪು. ಅದನ್ನು ಬಿಚ್ಚಿ ಹೇಳುತ್ತೇನೆ, ಯಾಕಂದ್ರೆ ನಾವು ಬಹಳ ಮಂದಿ ಮಾಡೋದು ಅದನ್ನೇ. ಇಬ್ಬರನ್ನೂ ಒಟ್ಟಿಗೆ ಕರೆದು ಕೂರಿಸಿದೆ. ಮಕ್ಕಳ ಮುಖ ನೋಡಿ, ದೊಡ್ಡವರಾಗಿ ಹಿಂಗ ಮಾಡಿದ್ರ ಹೆಂಗ ಅಂತ ಹತ್ತು ನಿಮಿಷ ಬುದ್ಧಿ ಹೇಳಿದೆ. ಇಬ್ಬರೂ ನೆಲ ನೋಡ್ತಾ ಕೂತಿದ್ದರು. ಕೊನೆಗೆ "ನಮ್ಮೊಳಗ ಏನೂ ಇಲ್ರಿ ಮೇಡಂ, ಎಲ್ಲಾ ಚೊಲೋ ಐತ್ರಿ" ಅಂದು ಎದ್ದು ಹೋದರು. ಮರುದಿನವೂ ಎರಡೇ ಕಿಟ್ಲಿ ಬಂದವು. ಏನಾಗಿದೆ ಅಂತ ತಿಳಿಯದೆ ನಾನು ಬುದ್ಧಿ ಹೇಳಲು ಕೂತಿದ್ದೆ. ಇಬ್ಬರಿಗೂ ಅದು ಅವಮಾನವೇ ಆಯಿತು.

ಆಮೇಲೆ ಒಬ್ಬೊಬ್ಬರನ್ನೇ ಕರೆದೆ. ಬೇರೆ ಬೇರೆ ದಿನ, ಶಾಲೆ ಬಿಟ್ಟ ಮೇಲೆ. ಕನ್ನಡ ಮೇಡಂ ಆ ಊರಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದವರು. ಮೊದಲ ಅರ್ಧ ಗಂಟೆ ಏನೂ ಹೇಳಲಿಲ್ಲ. ನಾನೂ ಸುಮ್ನೆ ಕೂತೆ. ಕೊನೆಗೆ ತಮ್ಮ ಪಾಠ ಟಿಪ್ಪಣಿ ಪುಸ್ತಕ ತೆಗೆದು ಹಿಂದಿನ ಹಾಳೆ ತೋರಿಸಿದರು. ಪೆನ್ಸಿಲಿನಲ್ಲಿ ತಾರೀಖು, ಪಕ್ಕದಲ್ಲಿ ನಿಮಿಷ. 12, 8, 15, 10. ಗಣಿತದ ಸರ್ ಮೊದಲ ಪಿರಿಯಡ್ಡಿಗೆ ತಡವಾಗಿ ಬಂದ ದಿನ ಅವರ ಕ್ಲಾಸಿನಲ್ಲಿ ತಾವು ನಿಂತ ನಿಮಿಷಗಳು. ಕೆಳಗೆ ಗೆರೆ ಎಳೆದು ಕೂಡಿಸಿದ್ದರು: 310. ನಲವತ್ತು ನಿಮಿಷದ ಪಿರಿಯಡ್ಡಿನ ಲೆಕ್ಕದಲ್ಲಿ ಏಳು ಪಿರಿಯಡ್ಡಿಗಿಂತ ಜಾಸ್ತಿ. "ನನಗ ಏನೂ ಬ್ಯಾಡ್ರಿ ಮೇಡಂ. ಇದನ್ನ ಯಾರಾದ್ರೂ ಒಬ್ಬರು ನೋಡಿದ್ರ ಸಾಕಾಗಿತ್ತು" ಅಂದರು.

ಗಣಿತದ ಸರ್ ಹುಬ್ಬಳ್ಳಿಯಿಂದ ಅಪ್-ಡೌನ್ ಮಾಡುವವರು. ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ, ಬಸ್ ಸ್ಟ್ಯಾಂಡಿಗೆ ಬಂದು, ಗದಗ ಕಡೆಯ ಬಸ್ಸು ಹಿಡಿದು, ಅಣ್ಣಿಗೇರಿ ದಾಟಿ ಬರಬೇಕು. ನಾನ್‌ಸ್ಟಾಪ್ ಬಸ್ಸು ಆ ಊರಿಗೆ ನಿಲ್ಲೋದಿಲ್ಲ. ತಡವಾಗುತ್ತೆ ಅನ್ನೋದನ್ನು ಅವರು ಒಪ್ಪಿಕೊಂಡರು. ಅವರಿಗೆ ನೋವಾಗಿದ್ದು ಬೇರೆ. ಒಂದು ದಿನ ಅವರು ಬಸ್ಸಿಳಿದಾಗ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಹತ್ತು ಜನರ ಮುಂದೆ, "ಏನ್ರಿ ಸರ, ಈಗ ಬಂದ್ರೇನು? ನಿಮ್ಮ ಕ್ಲಾಸು ಮೇಡಂ ನಡಸಾಕತ್ತಾರಂತಲ್ಲ" ಅಂದಿದ್ದರು. ಅಲ್ಲಿ ಪಾಲಕರಿದ್ದರು, ಅವರದೇ ಹತ್ತನೇ ಕ್ಲಾಸಿನ ಇಬ್ಬರು ಹುಡುಗರಿದ್ದರು. ಅವತ್ತಿನಿಂದ ಅವರು ಸ್ಟಾಫ್ ರೂಮಿಗೆ ಕಾಲಿಡಲಿಲ್ಲ.

ಇದನ್ನು ಊರವರು, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳೋ ಸಿಆರ್‌ಪಿ, ಉಳಿದ ಶಿಕ್ಷಕರು ಎಲ್ಲರೂ ಒಂದೇ ಮಾತಿನಲ್ಲಿ ಮುಗಿಸಿದ್ದರು: "ಇಬ್ಬರಿಗೂ ಈಗೋ ಐತ್ರಿ." ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಈಗೋ ಅಂದುಬಿಟ್ಟರೆ ಮುಂದೆ ಹುಡುಕೋ ಕೆಲಸ ಇರೋದಿಲ್ಲ. ಅದು ಅವರ ಸ್ವಭಾವ ಅಂತ ಬಿಟ್ಟುಬಿಡಬಹುದು.

ನಾನು ಮನೆಗೆ ವೇಳಾಪಟ್ಟಿ ಒಯ್ದು ಎಣಿಸಿದೆ. ವಾರದ ಆರು ಮೊದಲ ಪಿರಿಯಡ್ಡಿನಲ್ಲಿ ಐದು ಗಣಿತ. ಬೆಳಿಗ್ಗೆ ಮಕ್ಕಳ ತಲೆ ಚುರುಕಾಗಿರುತ್ತೆ ಅಂತ ನನಗಿಂತ ಮುಂಚಿನವರು ಹಾಕಿದ್ದು. ಅವರ ಉದ್ದೇಶ ಒಳ್ಳೆಯದೇ. ಆದರೆ ಶಾಲೆಯಲ್ಲಿ ಎಲ್ಲರಿಗಿಂತ ದೂರದಿಂದ ಬರೋ ಒಬ್ಬರಿಗೇ ಐದು ಮೊದಲ ಪಿರಿಯಡ್ಡು. ಎಲ್ಲರಿಗಿಂತ ಹತ್ತಿರ ಇರೋ ಒಬ್ಬರು ಆ ಹೊತ್ತಿಗೆ ಖಾಲಿ. ಆ ಹಾಳೆಯ ಮೇಲೆ ಜಗಳ ಜೂನ್‌ನಲ್ಲೇ ಬರೆದಾಗಿತ್ತು.

ಇಲ್ಲೊಂದು ಹಳೆಯ ಉದಾಹರಣೆ ಹೇಳಬೇಕು. ಮೇರಿ ಪಾರ್ಕರ್ ಫೋಲೆಟ್ ಅಂತ ಅಮೆರಿಕದ ಒಬ್ಬ ಹೆಣ್ಣುಮಗಳು. ಜನ ಕೂಡಿ ಕೆಲಸ ಮಾಡೋದರ ಬಗ್ಗೆ ಜೀವನವಿಡೀ ಯೋಚಿಸಿದವರು. 1925ರಲ್ಲಿ ಜಗಳದ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟರು. ಅದರಲ್ಲಿ ಅವರು ಹೇಳಿದ ತಮ್ಮದೇ ಅನುಭವ ಇದು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೋಣೆಯಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಈಕೆಗೆ ಮುಚ್ಚಿರಬೇಕು. ಅರ್ಧ ತೆರೆಯೋಣ ಅಂದರೆ ಇಬ್ಬರಿಗೂ ಅರೆಮನಸ್ಸು. ಅವರು ಪಕ್ಕದ ಖಾಲಿ ಕೋಣೆಯ ಕಿಟಕಿ ತೆರೆದರು. ಆತನಿಗೆ ಬೇಕಾಗಿದ್ದು ಗಾಳಿ, ಆ ಕಿಟಕಿಯೇ ಅಲ್ಲ. ಈಕೆಗೆ ಬೇಡವಾಗಿದ್ದು ಮೈಮೇಲೆ ನೇರ ಬೀಸೋ ಚಳಿಗಾಳಿ, ಅಷ್ಟೇ. ಒಬ್ಬರನ್ನು ಸೋಲಿಸೋದು, ಇಬ್ಬರೂ ಸ್ವಲ್ಪ ಸ್ವಲ್ಪ ಬಿಡೋದು, ಇವೆರಡೂ ಅಲ್ಲದ ಮೂರನೆಯ ದಾರಿ ಇದೆ ಅಂತ ಫೋಲೆಟ್ ಹೇಳಿದರು. ಆ ದಾರಿ ಕಾಣಬೇಕಾದರೆ, ಏನು ಬೇಕು ಅಂತ ಕೇಳಿ ನಿಲ್ಲಬಾರದು. ಯಾತಕ್ಕೆ ಬೇಕು ಅಂತಲೂ ಕೇಳಬೇಕು.

ನಮ್ಮ ಮೇಡಂಗೆ ಬೇಕಾಗಿದ್ದು ಆ 310 ನಿಮಿಷ ತಮ್ಮದು ಅಂತ ಯಾರಾದರೂ ಗುರುತಿಸೋದು. ಸರ್‌ಗೆ ಬೇಕಾಗಿದ್ದು ಬೀದಿಯಲ್ಲಿ ಯಾರೂ ತಮ್ಮನ್ನು ಪ್ರಶ್ನೆ ಮಾಡದಿರೋದು. ಒಬ್ಬರಿಗೊಬ್ಬರು ಸಾರಿ ಹೇಳಿಸಿದ್ದರೆ ಇವೆರಡೂ ಸಿಗುತ್ತಿರಲಿಲ್ಲ.

ತಡ ತಡವೇ. ಅದನ್ನು ಸರ್‌ಗೆ ಒಬ್ಬರೇ ಇದ್ದಾಗ ಹೇಳಿದೆ. ಬಸ್ಸು ತಿಂಗಳಿಗೊಮ್ಮೆ ತಡವಾದರೆ ಬಸ್ಸಿನ ತಪ್ಪು, ದಿನಾ ತಡವಾದರೆ ನಮ್ಮದು ಅಂದೆ. ವಾರಕ್ಕೆ ಎರಡು ದಿನ ಬೇಗ ಹೊರಟು ಮೊದಲ ಪಿರಿಯಡ್ಡು ತಗೊಳ್ಳಲು ಅವರು ಒಪ್ಪಿದರು. ಉಳಿದ ಮೂರು ದಿನ ಗಣಿತವನ್ನು ಎರಡನೇ ಪಿರಿಯಡ್ಡಿಗೆ ಸರಿಸಿದೆ. ಆ ಮೂರರಲ್ಲಿ ಎರಡು ಕನ್ನಡ ಮೇಡಂಗೆ, ಒಂದು ನನಗೆ. ಅದಕ್ಕೆ ಬದಲಾಗಿ ಮೇಡಂಗೆ ವಾರದಲ್ಲಿ ಎರಡು ದಿನ ಕಡೇ ಪಿರಿಯಡ್ಡು ತೆಗೆದೆ. ಇಷ್ಟನ್ನೂ ಸಿಬ್ಬಂದಿ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳಿದೆ. ಜೂನ್‌ನಿಂದ ಮೊದಲ ಪಿರಿಯಡ್ಡಿನ ಹೊರೆ ಕನ್ನಡ ಮೇಡಂ ಹೊತ್ತಿದ್ದಾರೆ ಅಂತ ಠರಾವು ಪುಸ್ತಕದಲ್ಲಿ ಒಂದು ಸಾಲು ಬರೆಸಿದೆ. ಯಾರ ಹೆಸರಿನಲ್ಲೂ ತಪ್ಪು ಬರೆಸಲಿಲ್ಲ. ಎಸ್‌ಡಿಎಂಸಿ ಅಧ್ಯಕ್ಷರ ಮನೆಗೆ ಹೋಗಿ, "ಅಣ್ಣಾರ, ಶಿಕ್ಷಕರ ಬಗ್ಗೆ ಏನಿದ್ರೂ ನನ್ನ ಕೇಳ್ರಿ, ರಸ್ತೆದಾಗ ಬ್ಯಾಡ" ಅಂತ ಕೈಮುಗಿದು ಬಂದೆ.

ಅವರಿಬ್ಬರೂ ಸ್ನೇಹಿತರಾಗಲಿಲ್ಲ. ಇದನ್ನು ನೀವು ಕೇಳಬೇಕು ಅಂತಲೇ ಹೇಳುತ್ತಿದ್ದೇನೆ. ಎರಡು ಕಿಟ್ಲಿ ಇನ್ನೂ ಕೆಲವು ತಿಂಗಳು ಬಂದವು. ಆದರೆ ಫೆಬ್ರವರಿಯಲ್ಲಿ ಹತ್ತನೇ ಕ್ಲಾಸಿನ ಒಬ್ಬ ಹುಡುಗ ಶಾಲೆ ಬಿಟ್ಟು ದುಡಿಯೋಕೆ ಹೊರಟಾಗ ಇಬ್ಬರೂ ಕೂಡಿ ಅವನ ಮನೆಗೆ ಹೋಗಿ ಬಂದರು. ಮುಖ್ಯ ಶಿಕ್ಷಕಿಯಾಗಿ ನಾನು ಕೇಳಬಹುದಾದದ್ದು ಅಷ್ಟೇ. ಮನಸ್ಸು ಕೂಡಿಸೋದು ನಮ್ಮ ಕೈಯಲ್ಲಿಲ್ಲ. ಕೆಲಸ ಕೂಡಿಸಬಹುದು.

ಇಷ್ಟು ವರ್ಷ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಒಂದೇ. ಸ್ಟಾಫ್ ರೂಮಿನ ಜಗಳಗಳಲ್ಲಿ ಬಹುಪಾಲು ನಾವು ಹಂಚಿದ ಕೆಲಸದಿಂದ ಹುಟ್ಟುತ್ತವೆ. ಹಂಚಿದ್ದು ಸರಿಯಿಲ್ಲ ಅನ್ನೋದಕ್ಕಿಂತ, ಕಾಣದ ಹಾಗೆ ಹಂಚಿದ್ದಾರೆ ಅನ್ನೋದು ಜನರನ್ನು ಜಾಸ್ತಿ ಚುಚ್ಚುತ್ತದೆ. ಯಾರಿಗೆ ಎಷ್ಟು ಪಿರಿಯಡ್ಡು, ಯಾರಿಗೆ ಊಟದ ನಂತರದ ಪಿರಿಯಡ್ಡು, ಬಿಸಿಯೂಟದ ಲೆಕ್ಕ ಯಾರು ಬರೀತಾರೆ, ಮೊಟ್ಟೆ-ಬಾಳೆಹಣ್ಣಿನ ಬಿಲ್ಲು ಯಾರ ತಲೆಗೆ, ಸ್ಯಾಟ್ಸ್ ಅನ್ನೋ ಮಕ್ಕಳ ದಾಖಲೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಮಾಹಿತಿ ತುಂಬೋರು ಯಾರು, ತರಬೇತಿಗೆ ಹೋಗೋರು ಯಾರು. ಇದೆಲ್ಲ ನಮ್ಮ ಛೇಂಬರಿನಲ್ಲಿ ಒಬ್ಬಿಬ್ಬರು ಆಪ್ತರ ಜೊತೆ ತೀರ್ಮಾನವಾಗುತ್ತದೆ. ಉಳಿದವರಿಗೆ ಆದೇಶದ ಹಾಳೆ ಮಾತ್ರ ಕಾಣುತ್ತದೆ.

ಕಂಪ್ಯೂಟರ್ ಬರುತ್ತೆ ಅಂತ ಒಬ್ಬ ಹುಡುಗ ಮಾಸ್ತರಿಗೆ ಆನ್‌ಲೈನ್ ಕೆಲಸವನ್ನೆಲ್ಲ ಹೊರಿಸುತ್ತೇವೆ. ಅವನು ರಾತ್ರಿ ಹತ್ತಕ್ಕೂ ಮೊಬೈಲಿನಲ್ಲಿ ಒಟಿಪಿ ಕಾಯ್ತಾ ಕೂತಿರುತ್ತಾನೆ. ಹೆಣ್ಣುಮಕ್ಕಳು ಅಂದರೆ ರಂಗೋಲಿ, ಸ್ವಾಗತ ಗೀತೆ, ಬಂದ ಅಧಿಕಾರಿಗಳಿಗೆ ಚಹಾ. ಇದನ್ನು ಕೆಲಸ ಅಂತ ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಊರಲ್ಲೇ ಇರೋರಿಗೆ ಮತದಾರರ ಪಟ್ಟಿಯ ಬಿಎಲ್‌ಓ ಕೆಲಸ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಣಕ್ಕೆ ಸಂಬಂಧ ಇಲ್ಲದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಆದರೆ ಈ ಮೂರೇ ಸಾಕು, ಯಾರ ಪಾಲಿಗೆ ಎಷ್ಟು ಅಂತ ವರ್ಷಗಟ್ಟಲೆ ಮುನಿಸು ಉಳಿಯೋಕೆ. ಅದೇ ಕಾಯ್ದೆಯ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಅನ್ನುತ್ತದೆ, ಅದರಲ್ಲಿ ಪಾಠದ ತಯಾರಿಯೂ ಸೇರಿದೆ. ನಾವು ಪಿರಿಯಡ್ಡು ಮಾತ್ರ ಎಣಿಸುತ್ತೇವೆ. ಕನ್ನಡ, ಇಂಗ್ಲಿಷ್ ಶಿಕ್ಷಕರು ಮನೆಗೆ ಒಯ್ಯೋ ಪ್ರಬಂಧದ ವಹಿಗಳನ್ನು ಎಣಿಸೋದಿಲ್ಲ.

ಅದಕ್ಕೇ ಶಾಲೆ ಶುರುವಾಗೋ ವಾರ ಒಂದು ಪೂರ್ತಿ ಮಧ್ಯಾಹ್ನ ಇದಕ್ಕೆ ಇಡಿ. ದೊಡ್ಡ ಬೋರ್ಡಿನ ಮೇಲೆ ಎಲ್ಲರ ಹೆಸರು, ಪಕ್ಕದಲ್ಲಿ ಪಿರಿಯಡ್ಡು, ವಹಿ, ರಜಿಸ್ಟರು, ಊಟದ ಕೆಲಸ, ಕಾರ್ಯಕ್ರಮ ಎಲ್ಲಾ ಬರೆಯಿರಿ. ನಿಮ್ಮ ಹೆಸರೂ ಬರೆಯಿರಿ. ಮೊದಲ ವರ್ಷ ನಾನು ಹಾಗೆ ಬರೆದಾಗ ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಚಿತ್ರಕಲಾ ಮಾಸ್ತರು ಎದ್ದು, "ಮೇಡಂ, ನನ್ನ ಮುಂದ ಕಡಿಮಿ ಐತ್ರಿ, ಮೊಟ್ಟಿ ಲೆಕ್ಕ ನಾ ತಗೋತೀನಿ" ಅಂದರು. ನಾನು ಹೇಳಿದ್ದರೆ ಅವರು ಅದನ್ನು ಶಿಕ್ಷೆ ಅಂದುಕೊಳ್ಳುತ್ತಿದ್ದರು.

ಎಲ್ಲಾ ಜಗಳ ನಮ್ಮ ಶಾಲೆಯಲ್ಲೇ ಹುಟ್ಟೋದಿಲ್ಲ, ನಿಜ. ಪ್ರಾಥಮಿಕ ಶಾಲೆಯವರಿಗೆ ಇದು ಚೆನ್ನಾಗಿ ಗೊತ್ತು. ಒಂದರಿಂದ ಏಳನೇ ಕ್ಲಾಸಿಗೆ ಅಂತ ನೇಮಕವಾದವರು ವರ್ಷಗಟ್ಟಲೆ ಆರು, ಏಳಕ್ಕೆ ಪಾಠ ಮಾಡಿದ್ದಾರೆ. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ ಅವರು ಒಂದರಿಂದ ಐದರ ಪ್ರಾಥಮಿಕ ಶಾಲಾ ಶಿಕ್ಷಕರು, ಅಂದರೆ ಪಿಎಸ್‌ಟಿ ಆದರು. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರು, ಅಂದರೆ ಜಿಪಿಟಿ ಬಂದರು. ಇಪ್ಪತ್ತು ವರ್ಷ ಏಳನೇ ಕ್ಲಾಸಿಗೆ ಗಣಿತ ಕಲಿಸಿದ ಗುರುಗಳು ಪಕ್ಕದ ಕೋಣೆಯಲ್ಲಿ, ಹೊಸದಾಗಿ ಬಂದ ಜಿಪಿಟಿ ಏಳನೇ ಕ್ಲಾಸಿನಲ್ಲಿ. ಈ ನೋವನ್ನು ಮುಖ್ಯ ಶಿಕ್ಷಕರು ಸರಿ ಮಾಡಲಾಗದು. ಆದರೆ ಆ ನೋವು ಹೊಸ ಹುಡುಗಿಯ ಮೇಲೆ ಹೊರಳದ ಹಾಗೆ ನೋಡಿಕೊಳ್ಳಬಹುದು. ಇದು ಸರ್ಕಾರದ ನಿಯಮ, ಆಕೆ ಮಾಡಿದ್ದಲ್ಲ ಅಂತ ಎಲ್ಲರ ಮುಂದೆ ಒಮ್ಮೆ ಗಟ್ಟಿಯಾಗಿ ಹೇಳಿದರೂ ಎಷ್ಟೋ ಹಗುರಾಗುತ್ತದೆ. ಹೆಚ್ಚುವರಿ ಶಿಕ್ಷಕರ ಪಟ್ಟಿ ಬಂದಾಗಲೂ ಅಷ್ಟೇ. ಇಬ್ಬರಲ್ಲಿ ಒಬ್ಬರು ಬೇರೆ ಶಾಲೆಗೆ ಹೋಗಬೇಕು ಅಂದಾಗ ಉಳಿದವರು ಕಳ್ಳರ ಹಾಗೆ ತಲೆ ತಗ್ಗಿಸಿ ಓಡಾಡಬೇಕಾಗುತ್ತದೆ. ಸೇವಾ ಹಿರಿತನದ ದಾಖಲೆಯನ್ನು ಇಬ್ಬರ ಮುಂದೆಯೂ ತೆಗೆದಿಡಿ.

ಅತಿಥಿ ಶಿಕ್ಷಕರ ಬಗ್ಗೆ ಒಂದು ಮಾತು. ಅವರು ಜಗಳವಾಡೋದಿಲ್ಲ. ಆಡಿದರೆ ಮುಂದಿನ ವರ್ಷ ಕೆಲಸ ಇರೋದಿಲ್ಲ. ನಾನು ಹೋದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಗೆ ಸ್ಟಾಫ್ ರೂಮಿನಲ್ಲಿ ಕುರ್ಚಿ ಇರಲಿಲ್ಲ. ಕಿಟಕಿ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಯಾರೂ ಬೇಕಂತ ಮಾಡಿದ್ದಲ್ಲ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಿಮ್ಮ ಶಾಲೆಗೆ ಹೋದ ಮೇಲೆ ಕುರ್ಚಿ ಎಣಿಸಿ.

ಫಲಿತಾಂಶದ ದಿನಗಳು ಇನ್ನೊಂದು ಕಷ್ಟ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಆ ಮೇ ತಿಂಗಳಲ್ಲಿ ಎಷ್ಟು ಸ್ಟಾಫ್ ರೂಮುಗಳಲ್ಲಿ "ನಿಮ್ಮ ವಿಷಯದಿಂದ ನಮ್ಮ ಶಾಲೆ ಹೆಸರು ಹೋಯ್ತು" ಅನ್ನೋ ಮಾತು ಬಂತು, ನಿಮಗೇ ಗೊತ್ತು. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಯಲ್ಲಿ ನಮಗೆ ಬಿದ್ದ ಬೈಗುಳವನ್ನು ಹಾಗೇ ತಂದು ಗಣಿತ, ಇಂಗ್ಲಿಷ್ ಶಿಕ್ಷಕರ ಮೇಲೆ ಸುರಿಯಬೇಡಿ. ಉಳಿದವರು ಕೇಳಿಸಿಕೊಳ್ಳುತ್ತಾರೆ, ಮರುದಿನ ಅದೇ ಮಾತು ಬಳಸುತ್ತಾರೆ.

ಇನ್ನು ವಾಟ್ಸಾಪ್. ಸ್ಟಾಫ್ ಗ್ರೂಪಿನಲ್ಲಿ ಯಾರ ತಪ್ಪನ್ನೂ ಎತ್ತಬೇಡಿ. ತಪ್ಪು ಹೇಳೋದಿದ್ದರೆ ಎದುರಿಗೆ, ಬಾಗಿಲು ಹಾಕಿ. ಹೊಗಳೋದಿದ್ದರೆ ಗ್ರೂಪಿನಲ್ಲಿ. ಒಬ್ಬರ ಮಾತನ್ನು ಇನ್ನೊಬ್ಬರು ತಂದು ಹೇಳಿದರೆ, "ಅವರನ್ನೂ ಕರೀಲಾ, ಅವರ ಮುಂದೆ ಹೇಳ್ತೀರಾ?" ಅಂತ ಕೇಳಿ. ನಾಲ್ಕು ಸಲ ಕೇಳಿದರೆ ಚಾಡಿ ನಿಲ್ಲುತ್ತದೆ. ನಾವು ಬಹಳ ಸಲ ಮಾಡೋದು "ನೋಡೋಣ ಬಿಡ್ರಿ" ಅಂತ ಮುಂದೂಡೋದು. ಸಿಟ್ಟಿನ ಹೊತ್ತಿನಲ್ಲಿ ಎರಡು ದಿನ ಮುಂದೂಡೋದು ಒಳ್ಳೇದೇ. ಎರಡು ತಿಂಗಳಾದರೆ ಅದು ಊರ ಚಾವಡಿಗೆ ಹೋಗುತ್ತದೆ. ಊರಲ್ಲಿ ಎರಡು ಪಾರ್ಟಿ ಇದ್ದೇ ಇರುತ್ತವೆ. ಒಂದೊಂದು ಪಾರ್ಟಿ ಒಬ್ಬೊಬ್ಬ ಶಿಕ್ಷಕರನ್ನು ಎತ್ತಿಕೊಳ್ಳುತ್ತದೆ. ಅಲ್ಲಿಂದ ಅದನ್ನು ಶಾಲೆಗೆ ವಾಪಸ್ ತರೋದು ಬಹಳ ಕಷ್ಟ.

ಈಗ ರಾಜಿ ಮಾಡಬಾರದ ವಿಷಯ. ಇದನ್ನು ನಾನು ನಿಧಾನವಾಗಿ ಹೇಳುತ್ತೇನೆ. ಒಬ್ಬ ಶಿಕ್ಷಕಿಗೆ ಸಹೋದ್ಯೋಗಿಯಿಂದ ಲೈಂಗಿಕ ಕಿರುಕುಳ ಆಗಿದ್ದರೆ, ಒಬ್ಬರಿಗೆ ಜಾತಿ ಹಿಡಿದು ಬೈದಿದ್ದರೆ, ಅದು ಶಿಕ್ಷಕರ ನಡುವಿನ ಮನಸ್ತಾಪ ಅಲ್ಲ. ಹಿರಿಯರನ್ನು ಕೂರಿಸಿ, ಶಾಲೆ ಮರ್ಯಾದೆ ಅಂತ ಹೇಳಿ ಮುಚ್ಚಿಸಬೇಡಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆಯಲ್ಲಿ ಹತ್ತು ಅಥವಾ ಜಾಸ್ತಿ ಜನ ಇರೋ ಕಡೆ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರಿಗೆ ಮೂರು ತಿಂಗಳ ಅವಧಿ ಇದೆ. "ಸ್ವಲ್ಪ ತಡೀರಿ, ನೋಡೋಣ" ಅಂತ ನಾವು ತಳ್ಳಿದ ಒಂದೊಂದು ವಾರವೂ ಆ ಹೆಣ್ಣುಮಗಳ ಅವಧಿಯಿಂದ ಹೋಗುತ್ತದೆ. ರಾಜಿ ಬೇಕು ಅಂತ ಆಕೆಯೇ ಕೇಳಬೇಕು, ಹಣ ಕೊಟ್ಟು ರಾಜಿ ಮಾಡುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಾಡೋ ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಇಂಥ ಕಡೆ ನಮ್ಮ ಕೆಲಸ ದೂರು ಕೊಡೋರ ಪಕ್ಕ ನಿಲ್ಲೋದು, ಕಾಗದ ಸರಿಯಾದ ಜಾಗಕ್ಕೆ ಮುಟ್ಟಿಸೋದು.

ಕೊನೆಗೆ ಪ್ರಶ್ನೆಗಳಿದ್ದವು. ಒಂದನ್ನು ಮಾತ್ರ ಬರೆಯುತ್ತೇನೆ.

ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಬ್ಬರು, ವಯಸ್ಸು ನಲವತ್ತರ ಒಳಗೆ, ಹಿಂದಿನ ಸಾಲಿನಿಂದ ಎದ್ದರು. "ಮೇಡಂ, ನಾನು ಪ್ರಭಾರಿ ರೀ. ಹ್ವಾದ ವರ್ಷದ ತನಕಾ ಎಲ್ಲಾರ ಜೋಡಿ ಕೂತು ಚಾ ಕುಡದಾಂವ. ಈಗ ನಾ ಏನ ಹೇಳಿದ್ರೂ, ನೀ ಏನ್ ಖಾಯಂ ಹೆಡ್‌ಮಾಸ್ತರ ಏನೋ ಅಂತಾರ. ನನ್ನ ಮಾತು ಯಾರೂ ಕೇಳೂದಿಲ್ಲ. ಏನ್ ಮಾಡಬೇಕ್ರಿ?"

ನಾನು ಕೇಳಿದೆ: "ಈ ವರ್ಷ ವೇಳಾಪಟ್ಟಿ ಯಾರು ಮಾಡಿದ್ದು, ಸರ್?"

"ನಾನ ರೀ."

"ನಿಮ್ಮ ಹೆಸರಿನ ಮುಂದೆ ಶನಿವಾರ ಎಷ್ಟು ಪಿರಿಯಡ್ಡಿವೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಒಂದೂ ಇಲ್ರಿ" ಅಂದರು. ಕಚೇರಿ ಕೆಲಸ ಇರುತ್ತೆ ಅಂತ ಹಾಗೆ ಮಾಡಿಕೊಂಡದ್ದು, ಕೆಲಸ ಇರೋದೂ ನಿಜ ಅಂದರು. ಅದರಲ್ಲಿ ನನಗೆ ಅನುಮಾನವಿಲ್ಲ ಅಂದೆ. ಆದರೆ ಅದು ಯಾರಿಗಾದರೂ ಗೊತ್ತಿದೆಯಾ ಅಂತ ಕೇಳಿದೆ.

"ಇಲ್ರಿ. ಹೇಳಿಲ್ಲ."

ಸೋಮವಾರ ಬೋರ್ಡಿನ ಮೇಲೆ ಮೊದಲು ತಮ್ಮ ಸಾಲನ್ನೇ ಬರೀತೀನಿ ಅಂತ ಹೇಳಿ ಕೂತರು.